ಕರೆಂಟಿನ ಜತೆಗೇ ಹೋಗುವ ಸೋಲಾರು

ಸೊರಬ ತಾಲ್ಲೂಕಿನ ಪಡುವಣ ಅಂಚಿನ ಹಳ್ಳಿಗಳಲ್ಲಿ ಲೈನ್‌ಮನ್ ಗುತ್ಯಪ್ಪನನ್ನು ಅರಿಯದ ಮನೆಯಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಯಿತೆಂದರೆ ಜನ ಮೊದಲು ಮೇಣದಬತ್ತಿ ಹುಡುಕುತ್ತಾರೆ, ಆಮೇಲೆ ಗುತ್ಯಪ್ಪನ ನಂಬರು ಹುಡುಕುತ್ತಾರೆ. ಚಂದ್ರಗುತ್ತಿಯ ಗುತ್ಯಮ್ಮನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನೆಂದು ಅವನ ಅವ್ವ ಇಟ್ಟ ಹೆಸರು ಅದು. ಮೂವತ್ತು ವರ್ಷದ ಸರ್ವಿಸು. ಕಂಬ ಹತ್ತಿ ಹತ್ತಿ ಮೊಣಕಾಲಿನ ಒಳಬದಿ ಜಡ್ಡುಗಟ್ಟಿ ಕಪ್ಪಾಗಿದೆ. ಮಾತು ಕಡಿಮೆ, ಸಿಟ್ಟು ಇನ್ನೂ ಕಡಿಮೆ. ಯಾರಾದರೂ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರೂ "ಬಂದೆ ಮಾರಾಯ, ಬಂದೆ" ಎಂದಷ್ಟೇ ಹೇಳಿ ಬೈಕು ಹತ್ತುವ ಆಳು.

ಇಂಥ ಗುತ್ಯಪ್ಪನ ಒಂದು ಚಾಳಿಯನ್ನು ಕಂಡು ಜತೆಯವರು ನಗುತ್ತಿದ್ದರು. ಕೆಲಸ ಚಿಕ್ಕದಿರಲಿ ದೊಡ್ಡದಿರಲಿ, ಲೈನ್ ಬಂದ್ ಮಾಡಿದ ಮೇಲೂ ಅವನು ತಂತಿಗಳಿಗೆ ಸರಪಳಿ ತೂಗುಹಾಕದೆ ಕಂಬಕ್ಕೆ ಕಾಲಿಡುತ್ತಿರಲಿಲ್ಲ. ಸರಪಳಿಯೆಂದರೆ ಉದ್ದ ಕೋಲಿನ ತುದಿಯ ಕೊಕ್ಕೆಗಳಿಂದ ಇಳಿಬಿದ್ದ ತಾಮ್ರದ ಹಗ್ಗ. ಅದರ ಇನ್ನೊಂದು ತುದಿಯನ್ನು ನೆಲಕ್ಕೆ ಬಡಿದ ಕಬ್ಬಿಣದ ಗೂಟಕ್ಕೆ ಬಿಗಿಯುತ್ತಾರೆ. ಎಲ್ಲಿಂದಾದರೂ ಕಳ್ಳ ಕರೆಂಟು ಬಂದರೆ ಅದು ಮನುಷ್ಯನನ್ನು ಬಿಟ್ಟು ಮಣ್ಣಿಗೆ ಇಳಿಯಲಿ ಎಂದು. ನಿಯಮದ ಪ್ರಕಾರ ಎಲ್ಲರೂ ಹಾಕಲೇಬೇಕಾದದ್ದು. ಆದರೆ ಸುರಿಯುವ ಮಳೆಯಲ್ಲಿ, ಹತ್ತು ಊರಿನವರು ಫೋನಿನ ಮೇಲೆ ಫೋನು ಮಾಡುತ್ತಿರುವಾಗ, ಅದಕ್ಕೆ ಹಿಡಿಯುವ ಕಾಲು ಗಂಟೆ ಎಲ್ಲರಿಗೂ ಭಾರ. "ಗುತ್ಯಪ್ಪಣ್ಣ ಮನೇಲಿ ಬಲ್ಬು ಬದ್ಲು ಮಾಡಕ್ಕೂ ಸರಪಳಿ ಕಟ್ತಾನೆ" ಎಂದು ಭೀಮಣ್ಣ ಆಡಿಕೊಳ್ಳುತ್ತಿದ್ದ. ಭೀಮಣ್ಣ ಅವನ ಜೋಡಿ ಲೈನ್‌ಮನ್, ನಲವತ್ತರ ಆಸುಪಾಸಿನವನು, ಈ ಸೆಕ್ಷನ್ನಿಗೆ ಬಂದು ನಾಲ್ಕೇ ವರ್ಷ. ವೀರಬಸಪ್ಪನ ಸಂಗತಿ ಅವನಿಗೆ ಕೇಳಿ ಗೊತ್ತಿತ್ತೇ ಹೊರತು ಕಂಡು ಗೊತ್ತಿರಲಿಲ್ಲ.

ವೀರಬಸಪ್ಪ ಶಿಕಾರಿಪುರದವನು, ಗುತ್ಯಪ್ಪನಿಗಿಂತ ಐದು ವರ್ಷ ಹಿರಿಯ. ಬೆಲ್ಟಿಗೆ ಮೈಭಾರ ಬಿಟ್ಟು ಎರಡೂ ಕೈ ಖಾಲಿ ಮಾಡಿಕೊಳ್ಳುವುದು ಹೇಗೆ, ಒದ್ದೆ ಕಂಬದಲ್ಲಿ ಕಾಲು ಜಾರದಂತೆ ಹೆಜ್ಜೆ ಊರುವುದು ಹೇಗೆ ಎಂದು ಗುತ್ಯಪ್ಪನಿಗೆ ಕಲಿಸಿದವನೇ ಅವನು. ಹದಿನೇಳು ವರ್ಷ ಇಬ್ಬರೂ ಒಂದೇ ಮರದ ನೆರಳಲ್ಲಿ ಬುತ್ತಿ ಬಿಚ್ಚಿದವರು. ಗುತ್ಯಪ್ಪನ ಬುತ್ತಿಯಲ್ಲಿ ಮೀನಿದ್ದ ದಿನ ವೀರಬಸಪ್ಪ ಬೆನ್ನು ತಿರುಗಿಸಿ ಕೂರುತ್ತಿದ್ದ, ಅಷ್ಟೇ.

ಹನ್ನೊಂದು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಒಂದು ಹಳ್ಳಿಯ ಹೊರಗೆ ಹೊನ್ನೆಮರದ ಕೊಂಬೆ ತಂತಿಯ ಮೇಲೆ ಬಿದ್ದಿತ್ತು. ಗುತ್ಯಪ್ಪ ಟ್ರಾನ್ಸ್‌ಫಾರ್ಮರಿನ ಹತ್ತಿರ ಹೋಗಿ ಮೂರೂ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಬಂದ. ಜೀಪು ಅರ್ಧ ಮೈಲಿ ಹಿಂದೆ ಕೆಸರಿನಲ್ಲಿ ಹೂತಿತ್ತು, ಸರಪಳಿ ಅದರಲ್ಲೇ ಇತ್ತು. "ಹತ್ತಣ್ಣಾ, ಲೈನು ಸತ್ತೈತೆ" ಎಂದ ಗುತ್ಯಪ್ಪ. ವೀರಬಸಪ್ಪ ಹತ್ತಿದ. ಅದೇ ಲೈನಿನ ಮೇಲೆ ಒಂದು ಮರದ ಮಿಲ್ಲಿತ್ತು. ಕರೆಂಟು ಹೋದದ್ದು ನೋಡಿ ಮಿಲ್ಲಿನ ಯಜಮಾನ ಜನರೇಟರ್ ಶುರುಮಾಡಿದ. ಮಾಡುವ ಮೊದಲು ಲೈನಿನ ಸಂಬಂಧ ಕಡಿಯುವ ಸ್ವಿಚ್ಚನ್ನು ತಿರುವಬೇಕಿತ್ತು, ಮರೆತಿದ್ದ. ಜನರೇಟರಿನ ಕರೆಂಟು ಮಿಲ್ಲಿಗೆ ಕರೆಂಟು ತರುವ ಸರ್ವಿಸ್ ತಂತಿಯಿಂದಲೇ ಹೊರಬಿದ್ದು ಲೈನಿಗೆ ಹರಿಯಿತು. ವೀರಬಸಪ್ಪ ಒಂದು ಸದ್ದೂ ಮಾಡದೆ ಬೆಲ್ಟಿಗೆ ಜೋತುಬಿದ್ದ.

ಜೀವ ಉಳಿಯಿತು. ಬಲಗೈಯನ್ನು ಮೊಣಕೈಗಿಂತ ಮೇಲಕ್ಕೆ ತೆಗೆಯಬೇಕಾಯಿತು.

ವಿಚಾರಣೆ ನಡೆದು ಗುತ್ಯಪ್ಪನ ತಪ್ಪಿಲ್ಲವೆಂದು ಬರೆದರು. ಬರೆದದ್ದು ಅವನ ಎದೆಯೊಳಗೆ ಇಳಿಯಲಿಲ್ಲ. "ಲೈನು ಸತ್ತೈತೆ" ಎಂಬುದು ಅವನ ಬಾಯಿಂದ ಹೊರಟ ಮಾತು. ಆ ಮಾತು ನಂಬಿ ಹತ್ತಿದವನು ಕೈ ಕಳೆದುಕೊಂಡಿದ್ದ. ಆಸ್ಪತ್ರೆಗೆ ಎರಡು ಸಲ ಹೋಗಿ ಬಂದ. ಮೂರನೇ ಸಲ ಹೊರಟವನು ಬಸ್‌ಸ್ಟ್ಯಾಂಡಿನಿಂದಲೇ ಮನೆಗೆ ವಾಪಸಾದ. ವೀರಬಸಪ್ಪನಿಗೆ ಶಿಕಾರಿಪುರದ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟರು, ಕಾಲ ಬಂದಾಗ ರಿಟೈರ್ ಆದ. ಸೊರಬದಿಂದ ಶಿಕಾರಿಪುರ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಇಷ್ಟು ವರ್ಷದಲ್ಲಿ ಗುತ್ಯಪ್ಪ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಹೀಗಿರುವಾಗ ಮನೆಯ ಮೇಲೆ ಸೋಲಾರ್ ಹಾಕಿಸುವ ಸುದ್ದಿ ಅವನ ಸೆಕ್ಷನ್ನಿಗೂ ಬಂತು. ಹಗಲು ಹುಟ್ಟಿದ ಕರೆಂಟನ್ನು ಮನೆಗೆ ಬಳಸಿಕೊಂಡು, ಉಳಿದದ್ದನ್ನು ಲೈನಿಗೆ ಬಿಡುವ ಏರ್ಪಾಡು. ಸೆಕ್ಷನ್ನಿನ ಜೂನಿಯರ್ ಇಂಜಿನಿಯರ್ ಯಶೋಧರಾ ಸಿಬ್ಬಂದಿಯನ್ನು ಕೂರಿಸಿಕೊಂಡು ವಿವರಿಸಿದಾಗ ಎಲ್ಲರಿಗಿಂತ ಮೊದಲು ನಕ್ಕವನು ಗುತ್ಯಪ್ಪನೇ.

"ಮೇಡಂ, ಜೂನಿಂದ ಸೆಪ್ಟೆಂಬರ್ ತನಕ ಸೂರ್ಯ ಯಾವ ಕಡೆ ಹುಟ್ತಾನೆ ಅಂಬೋದೇ ನಮಗೆ ಮರ್ತೋಗಿರ್ತೈತೆ. ಇಲ್ಲೆಂಥ ಸೋಲಾರು?"

"ಬಿಸಿಲೇ ಬೇಕಂತಿಲ್ಲ ಗುತ್ಯಪ್ಪನವ್ರೇ, ಬೆಳಕಿದ್ರೆ ಸಾಕು" ಎಂದಳು ಯಶೋಧರಾ. ಬಂದಳಿಕೆಯ ಕಡೆಯ ಹುಡುಗಿ, ಮೂವತ್ತು ದಾಟಿರಲಿಲ್ಲ. ಎದುರು ಮಾತಾಡಿದವರ ಮೇಲೆ ರೇಗುವ ಸ್ವಭಾವದವಳಲ್ಲ. "ಮಳೆಗಾಲದಲ್ಲಿ ಕಮ್ಮಿ ಬರುತ್ತೆ, ನಿಜ. ಬರೋದೇ ಇಲ್ಲ ಅಂತ ಅಲ್ಲ."

ಗುತ್ಯಪ್ಪ ಅದನ್ನು ನಂಬಲಿಲ್ಲ. ನಂಬದೆ ಇರುವುದರಲ್ಲೇ ಅವನಿಗೆ ಸಮಾಧಾನವಿತ್ತು. ಮನೆಯಿಂದ ಲೈನಿಗೆ ಕರೆಂಟು ಬರುತ್ತದೆಂದರೆ ಅವನ ಕಣ್ಣಿಗೆ ಪ್ರತಿ ಮನೆಯೂ ಒಂದೊಂದು ಮರದ ಮಿಲ್ಲೇ. ಆದರೆ ತಂತಿ ಹರಿಯುವುದು, ಕಂಬ ವಾಲುವುದು, ಮರ ಬೀಳುವುದು ಎಲ್ಲ ಮಳೆಗಾಲದ ಕೆಲಸ. ಆ ನಾಲ್ಕು ತಿಂಗಳು ಹೇಗೂ ಮೋಡ. ಮೋಡವಿದ್ದಾಗ ಸೋಲಾರು ಮಲಗಿರುತ್ತದೆ, ನಾವು ಕಂಬ ಹತ್ತಿರುತ್ತೇವೆ. ಬಿಸಿಲು ಬಂದಾಗ ಅದು ಎದ್ದಿರುತ್ತದೆ, ನಮಗೆ ಕೆಲಸ ಇರುವುದಿಲ್ಲ. ಹೀಗೆಂದು ಮನಸ್ಸಿಗೆ ಹೇಳಿಕೊಂಡು ಆ ಬೇಸಿಗೆಯನ್ನು ಕಳೆದ.

ಅವನ ಲೈನಿನಲ್ಲಿ ಮೊದಲು ಹಾಕಿಸಿದವರು ಕ್ಯಾಸನೂರಿನಿಂದ ಆಚೆಗೆ ಕಾಡಂಚಿನ ಒಂದು ಊರಿನ ಉಚ್ಚಂಗಪ್ಪ. ಜೋಳ, ಶುಂಠಿ ಬೆಳೆಯುವ ರೈತರು, ಹೊಸದಾಗಿ ತಾರಸಿ ಮನೆ ಕಟ್ಟಿದ್ದರು. ಅವರದನ್ನು ನೋಡಿ ಅದೇ ಟ್ರಾನ್ಸ್‌ಫಾರ್ಮರಿನ ಮೇಲೆ ಇನ್ನೂ ಮೂರು ಮನೆಯವರು ಹಾಕಿಸಿದರು. ಜೂನ್ ಕೊನೆಯಲ್ಲಿ ಗುತ್ಯಪ್ಪ ಯಾವುದೋ ಮೀಟರಿನ ಕೆಲಸಕ್ಕೆ ಆ ಊರಿಗೆ ಹೋಗಿದ್ದ. ಮಳೆ ಹಿಡಿದು ಬಡಿಯುತ್ತಿತ್ತು. ಉಚ್ಚಂಗಪ್ಪ ಅವನನ್ನು ಜಗಲಿಗೆ ಕರೆದು ಟೀ ಕೊಟ್ಟು, ಖುಷಿಯಿಂದ ಮೊಬೈಲು ಮುಂದೆ ಹಿಡಿದರು.

"ನೋಡು ಗುತ್ಯಪ್ಪ. ಹೊರಗೆ ಕೊಡೆ ಇಲ್ದೆ ಕಾಲಿಡಂಗಿಲ್ಲ, ಆದ್ರೂ ಇದು ಆರ್‌ನೂರು ವ್ಯಾಟು ಹುಟ್ಸ್ತೈತೆ. ಫ್ರಿಜ್ಜು, ಫ್ಯಾನು ಬಿಟ್ಟು ಉಳಿದಿದ್ದೆಲ್ಲ ನಿನ್ನ ಲೈನಿಗೇ ಹೋಗ್ತೈತೆ."

ಗುತ್ಯಪ್ಪನ ಕೈಯಲ್ಲಿದ್ದ ಲೋಟ ತುಟಿಗೆ ಹೋಗಲಿಲ್ಲ. ಈ ಮಳೆಯಲ್ಲೂ ಬರುತ್ತದೆ. ತಾನು ಕಂಬದ ಮೇಲಿರುವ ದಿನವೂ ಬರುತ್ತದೆ. ಮಿಲ್ಲಿನ ಯಜಮಾನನಾದರೂ ಕೈಯಾರೆ ಜನರೇಟರ್ ಶುರುಮಾಡಬೇಕಿತ್ತು. ಇದಕ್ಕೆ ಯಾರೂ ಬೇಡ, ಬೆಳಗಾದರೆ ಸಾಕು. ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೊರಟ. ಯಾಕೆಂದು ಉಚ್ಚಂಗಪ್ಪನಿಗೆ ತಿಳಿಯಲಿಲ್ಲ.

ಎರಡು ದಿನದ ನಂತರ ಅವನ ಹೆಂಡತಿ ಯಮುನಮ್ಮ ಒಗೆಯಲು ಹಾಕುವ ಮುಂಚೆ ಅಂಗಿಯ ಜೇಬು ನೋಡಿದಾಗ ಮಡಿಸಿದ ಕಾಗದ ಸಿಕ್ಕಿತು. ಸ್ವಯಂ ನಿವೃತ್ತಿಯ ಅರ್ಜಿ.

"ಇದೆಂಥದ್ರೀ?" ಎಂದು ಅವನ ಮುಂದೆ ಹಿಡಿದಳು. "ಇನ್ನೆರಡು ವರ್ಷ ಅಲ್ವಾ ಇರೋದು? ಮೂವತ್ತು ವರ್ಷ ಮಳೇಲಿ ನೆಂದೋರಿಗೆ ಈಗ ನೆಗಡಿ ಆತಾ?"

"ಹೆದ್ರಿಕೆ ಆಗ್ತೈತೆ ಕಣೆ" ಎಂದ ಅವನು.

ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನ ಬಾಯಲ್ಲಿ ಆ ಮಾತನ್ನು ಯಮುನಮ್ಮ ಕೇಳಿರಲಿಲ್ಲ. ಕಾಗದವನ್ನು ಮಡಿಸಿದಂತೆಯೇ ಮಡಿಸಿ ಅವನ ಕೈಗೆ ಕೊಟ್ಟಳು. "ಹೆದ್ರಿಕೆ ಅಂದ್ರೆ ಬಿಟ್ಟುಬಿಡಿ. ನಾನು ಬೇಡ ಅನ್ನಲ್ಲ. ಆದ್ರೆ ಕೊಡೋಕೆ ಮುಂಚೆ ಯಾಕೆ ಅಂತ ಮೇಡಮ್ಮೋರ ಹತ್ರ ಬಾಯಿಬಿಟ್ಟು ಹೇಳಿ. ಸುಮ್ನೆ ಕೊಟ್ಟುಬಂದ್ರೆ ನಿಮಗೇ ಆಮೇಲೆ ಕೊರಗು."

ಮರುದಿನ ಗುತ್ಯಪ್ಪ ಆಫೀಸಿಗೆ ಹೋಗಿ ಹೇಳಿದ. ಉಚ್ಚಂಗಪ್ಪನ ಊರಿನ ಲೈನನ್ನು ತಾನು ಹತ್ತುವುದಿಲ್ಲವೆಂದ. ಯಶೋಧರಾ ಕೇಳಿಸಿಕೊಂಡಳು. ಲೈನಿನಲ್ಲಿ ಕರೆಂಟು ನಿಂತ ಕ್ಷಣವೇ ಸೋಲಾರಿನ ಕರೆಂಟನ್ನು ಮನೆಗೂ ಲೈನಿಗೂ ಹೊಂದುವಂತೆ ಮಾಡುವ ಇನ್ವರ್ಟರೂ ತಾನಾಗಿ ನಿಲ್ಲುವಂತೆ ಮಾಡಿರುತ್ತಾರೆ, ಆ ಪರೀಕ್ಷೆ ಆಗದೆ ಯಾರಿಗೂ ಕನೆಕ್ಷನ್ ಕೊಡುವುದಿಲ್ಲ ಎಂದು ಬಿಡಿಸಿ ಹೇಳಿದಳು.

"ಮಿಲ್ಲಿನ ಯಜಮಾನ್ನೂ ಸ್ವಿಚ್ ತಿರುವಿದೀನಿ ಅಂತಾನೇ ತಿಳಕೊಂಡಿದ್ದ ಮೇಡಂ."

ಯಶೋಧರಾ ಅರ್ಜಿಯನ್ನು ಓದಿ ಮೇಜಿನ ಡ್ರಾಯರಿನಲ್ಲಿಟ್ಟಳು. "ಇದು ಒಂದು ವಾರ ನನ್ನ ಹತ್ರ ಇರಲಿ. ಆಮೇಲೂ ಬೇಕು ಅಂದ್ರೆ ನಾನೇ ಮುಂದಕ್ಕೆ ಕಳಿಸ್ತೀನಿ" ಎಂದಳು.

ಆ ಶುಕ್ರವಾರ ಸಂಜೆ ಗುತ್ಯಪ್ಪನ ಫೋನಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು.

"ಗುತ್ಯಪ್ಪಾ, ನಾನಪ. ವೀರಬಸಪ್ಪ."

ಗುತ್ಯಪ್ಪ ಕೂತಲ್ಲಿಂದ ಎದ್ದು ನಿಂತ. ಆ ಕಡೆಯ ದನಿ ನಿನ್ನೆ ಮೊನ್ನೆ ಮಾತಾಡಿ ಬಿಟ್ಟಂತೆ ಸಲೀಸಾಗಿತ್ತು. "ಯಶೋಧರಾ ಮೇಡಂ ನೌಕರಿ ಹೊಸದರಾಗ ಇಲ್ಲಿ ನಮ್ಮ ಆಫೀಸಿನಾಗ ಇದ್ರು, ನನ್ನ ಬಾಜೂಕ ಕುಂದರ್ತಿದ್ರು. ಅವ್ರು ಎಲ್ಲಾ ಹೇಳಿದ್ರು. ನಮ್ಮ ಮನಿ ಮ್ಯಾಲೂ ಸೋಲಾರ್ ಹಾಕ್ಸೀನಿ ನೋಡಪ, ವರ್ಷದ ಮ್ಯಾಲಾತು. ಭಾನುವಾರ ಬಾ. ಬರುವಾಗ ನಿನ್ನ ಟೆಸ್ಟ್ ಲ್ಯಾಂಪ್ ತಗೊಂಡ್ ಬಾ."

"ನೀನಾ ಅಣ್ಣಾ? ನೀನು ಹಾಕ್ಸೀಯಾ?"

"ಬಾ ಅಂದೆ. ಬಂದು ಕೇಳು."

ಕರೆ ಮುಗಿದ ಮೇಲೆ ಗುತ್ಯಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಕೈ ಕಳೆದುಕೊಂಡ ಮನುಷ್ಯನೇ ತನ್ನ ಮನೆಯಿಂದ ಲೈನಿಗೆ ಕರೆಂಟು ಬಿಡುತ್ತಾನೆಂದರೆ ಏನರ್ಥ? ಶಿಕಾರಿಪುರದಲ್ಲೂ ಯಾರೋ ಬಡಪಾಯಿ ಲೈನ್‌ಮನ್ ಕಂಬ ಹತ್ತುತ್ತಾನಲ್ಲ. ಹೋಗಿ ಕೇಳಿಯೇ ಬಿಡಬೇಕೆಂದು ಭಾನುವಾರ ಬೆಳಗಿನ ಬಸ್ಸು ಹಿಡಿದ. ಹಾಗೆ ಸಿಟ್ಟು ಬಂದಿರದಿದ್ದರೆ ಈ ಸಲವೂ ಬಸ್‌ಸ್ಟ್ಯಾಂಡಿನಿಂದ ವಾಪಸಾಗುತ್ತಿದ್ದನೋ ಏನೋ.

ಶಿರಾಳಕೊಪ್ಪ ದಾಟುವವರೆಗೆ ಜಡಿಮಳೆ. ಶಿಕಾರಿಪುರದಲ್ಲಿ ಇಳಿದಾಗ ಬರೀ ತುಂತುರು, ಆದರೆ ಮೋಡ ತಲೆಗೆ ತಾಗುವಷ್ಟು ಕೆಳಗಿತ್ತು. ಕೆರೆ ಏರಿಯ ಕಡೆಯ ಬೀದಿಯಲ್ಲಿ ವೀರಬಸಪ್ಪ ಬಾಗಿಲಲ್ಲೇ ನಿಂತಿದ್ದ. ಹಣೆಗೆ ವಿಭೂತಿ, ಬಿಳಿ ಜುಬ್ಬ, ಅದರ ಬಲತೋಳನ್ನು ಮೇಲಕ್ಕೆ ಮಡಿಸಿ ಪಿನ್ನು ಹಾಕಿತ್ತು. ಎಡಗೈಯಿಂದಲೇ ಗುತ್ಯಪ್ಪನ ಭುಜ ಹಿಡಿದು ಒಳಗೆ ಕರೆದ. ಅವನ ಹೆಂಡತಿ ರಾಜೇಶ್ವರಮ್ಮ ಅಡುಗೆಮನೆಯಿಂದ ಇಣುಕಿ, "ಬರ್ರಿ ಗುತ್ಯಪ್ಪಣ್ಣ, ಹಾದಿ ಮರ್ತೀರಿ ಅಂದ್ಕೊಂಡಿದ್ವಿ" ಎಂದಳು.

ಗುತ್ಯಪ್ಪ ಕೂರಲಿಲ್ಲ. "ಅಣ್ಣಾ, ನೀನೇ ಹಿಂಗೆ ಮಾಡಿದ್ರೆ ಹೆಂಗೆ?" ಎಂದ.

ವೀರಬಸಪ್ಪ ನಗಲೂ ಇಲ್ಲ, ಬೇಸರಿಸಲೂ ಇಲ್ಲ. ಪಡಸಾಲೆಯ ಪಕ್ಕದ ಗೋಡೆಯ ಹತ್ತಿರ ಕರೆದೊಯ್ದ. ಅಲ್ಲಿ ಮೀಟರು, ಮೇನ್ ಸ್ವಿಚ್ಚು, ಅದರ ಬದಿಗೆ ಸೋಲಾರಿನ ಇನ್ವರ್ಟರು. ಅದರ ಪುಟ್ಟ ಪರದೆಯ ಮೇಲೆ ನಾನ್ನೂರಿಪ್ಪತ್ತು ವ್ಯಾಟು ಎಂಬ ಅಂಕಿ ಹಸಿರಾಗಿ ಮಿನುಗುತ್ತಿತ್ತು. "ಹೊರಗ ನೋಡು, ಸೂರ್ಯ ಎಲ್ಲಿ ಅದಾನ ಅಂತ ಬೊಟ್ಟು ಮಾಡಾಕ ಬರಂಗಿಲ್ಲ. ಆದ್ರೂ ಇಷ್ಟು ಬರಾಕ್ಹತ್ತೈತಿ. ಈಗ ಲೈನಿನ ಕಡೀ ಸ್ವಿಚ್ಚು ನೀನು ಬಂದ್ ಮಾಡು. ನಿನ್ನ ಕೈಲೇ ಮಾಡು."

ಗುತ್ಯಪ್ಪ ಲೈನಿನಿಂದ ಬರುವ ಸ್ವಿಚ್ಚನ್ನು ಕೆಳಗೆಳೆದ. ಹಸಿರು ಅಂಕಿ ಆ ಗಳಿಗೆಯಲ್ಲೇ ಮಾಯವಾಗಿ ಕೆಂಪು ದೀಪ ಹತ್ತಿತು. ಅಡುಗೆಮನೆಯಲ್ಲಿ ಓಡುತ್ತಿದ್ದ ಮಿಕ್ಸಿ ನಿಂತಿತು. ಅವನು ಚೀಲದಿಂದ ಎರಡು ತಂತಿ ಕಟ್ಟಿದ ಬಲ್ಬಿನ ಟೆಸ್ಟ್ ಲ್ಯಾಂಪ್ ತೆಗೆದು, ಮನೆಯಿಂದ ಲೈನಿನ ಕಡೆಗೆ ಹೋಗುವ ತುದಿಗಳಿಗೆ ಹಿಡಿದ. ಬಲ್ಬು ಹತ್ತಲಿಲ್ಲ. ಬಲ್ಬೇ ಕೆಟ್ಟಿದೆಯೇನೋ ಎಂದು ಲೈನಿನ ಕಡೆಯ ತುದಿಗೆ ಹಿಡಿದು ನೋಡಿದ. ಝಗ್ಗನೆ ಹತ್ತಿತು. ಮತ್ತೆ ಈ ಕಡೆಗೆ ಹಿಡಿದ. ಇಲ್ಲ.

ಸ್ವಿಚ್ಚು ಮೇಲೆತ್ತಿದ. ಮಿಕ್ಸಿ ಮೊರೆಯಿತು. ಇನ್ವರ್ಟರು ಮಾತ್ರ ತಕ್ಷಣ ಏಳಲಿಲ್ಲ. ಲೈನು ನಿಜವಾಗಿ ಬಂದಿದೆಯೇ ಎಂದು ನಾಲ್ಕಾರು ನಿಮಿಷ ನೋಡಿ, ಆಮೇಲೆ ಮೆಲ್ಲಗೆ ಅಂಕಿ ತೋರಿಸಿತು. ಮತ್ತೆ ಬಂದ್ ಮಾಡಿದ. ಮತ್ತೆ ಸತ್ತಿತು.

"ಜನರೇಟರ್ ಐತಲ್ಲ, ಅದಕ್ಕ ಲೈನಿನ ಹಂಗಿಲ್ಲ. ಡೀಸೆಲ್ ಇರಾತನಕ ತನ್ನ ಪಾಡಿಗೆ ಓಡ್ತೈತಿ" ಎಂದ ವೀರಬಸಪ್ಪ. "ಇದು ಲೈನಿನ ನಾಡಿ ಹಿಡಕೊಂಡು ಓಡ್ತೈತಿ. ನಾಡಿ ನಿಂತ್ರ ಇದೂ ನಿಂದರ್ತೈತಿ. ನಾನೂ ಸುಮ್ನ ನಂಬಿಲ್ಲಪ. ಹಾಕಿದ ದಿನ ನಿನ್ನಂಗ ಹದಿನೈದು ಸಲ ಹಾಕಿ ತೆಗದೀನಿ."

ಗುತ್ಯಪ್ಪ ಆರನೆಯ ಸಲ ಸ್ವಿಚ್ಚಿಗೆ ಕೈಹಾಕಿದಾಗ ರಾಜೇಶ್ವರಮ್ಮ ಸೌಟು ಹಿಡಿದು ಹೊರಗೆ ಬಂದಳು. "ಗುತ್ಯಪ್ಪಣ್ಣ, ನನ್ನ ಶೇಂಗಾ ಚಟ್ನಿ ಅರ್ಧಕ್ಕ ನಿಂತೈತಿ. ಅದೊಂದು ಮುಗೀಲಿ, ಆಮ್ಯಾಲೆ ಸಂಜಿ ತನಕ ಬೇಕಾದ್ರೂ ಆಡ್ಕೊಳ್ರಿ."

ಮೂವರೂ ನಕ್ಕರು. ಬಂದಾಗಿನಿಂದ ಗುತ್ಯಪ್ಪ ನಕ್ಕದ್ದು ಅದೇ ಮೊದಲು.

ಊಟಕ್ಕೆ ಕೂತಾಗ ಎದುರಿನ ಗೋಡೆಯ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಪ್ರತಿ ತಾರೀಖಿನ ಮನೆಯಲ್ಲೂ ಸೊಟ್ಟಸೊಟ್ಟಗೆ ಒಂದು ಅಂಕಿ. ಎಡಗೈ ಬರಹ. ದಿನಕ್ಕೆ ಎಷ್ಟು ಯೂನಿಟ್ಟು ಹುಟ್ಟಿತೆಂದು ವೀರಬಸಪ್ಪ ದಿನಾ ಸಂಜೆ ಬರೆಯುತ್ತಿದ್ದ. ಕೈ ತೊಳೆದ ಮೇಲೆ ಗುತ್ಯಪ್ಪ ಹಾಳೆಗಳನ್ನು ಹಿಂದಕ್ಕೆ ತಿರುವಿದ. ಮಾರ್ಚಿನಲ್ಲಿ ಹದಿಮೂರು, ಹದಿನಾಲ್ಕು. ಮೇ ಕೊನೆಗೆ ಹತ್ತು. ಜೂನಿನಲ್ಲಿ ಆರು, ಐದು, ಏಳು, ನಾಲ್ಕು. ಜೋರು ಮಳೆ ಬಂದ ದಿನ ಎರಡು, ಒಂದು ದಿನ ಒಂದೂವರೆ.

"ಮಳೆಗಾಲದಾಗ ಅರ್ಧ ಹೊಟ್ಟಿ. ಬ್ಯಾಸಿಗ್ಯಾಗ ತುಂಬಿ ಚೆಲ್ತೈತಿ" ಎಂದ ವೀರಬಸಪ್ಪ. "ನಿಮ್ಮ ಸೊರಬದ ಕಡೆ ಇನ್ನೂ ಒಂದು ತುತ್ತು ಕಮ್ಮಿ ಇದ್ದೀತು. ಮಳಿ ದಿನ ಒಂದನ್ನೇ ನೋಡಿ ಬ್ಯಾಡ ಅನ್ನಬಾರದು, ವರ್ಷ ಪೂರ್ತಿ ನೋಡಬೇಕು."

ಗುತ್ಯಪ್ಪನ ಬೆರಳು ಒಂದು ಮನೆಯ ಮೇಲೆ ನಿಂತಿತು. "ಇಲ್ಲೊಂದು ಸೊನ್ನೆ ಐತಲ್ಲಣ್ಣ? ಏಪ್ರಿಲ್ಲಿನಾಗೆ? ಅವತ್ತು ಮೋಡ ಇತ್ತಾ?"

"ಮೋಡ ಎಲ್ಲೀದಪ, ಸುಡುಬಿಸಿಲು. ಹಿಂದಿನ ದಿನದ ಗಾಳಿಗೆ ಕಂಬ ಬಿದ್ದು ಬೆಳಗಿಂದ ಸಂಜಿತನಕ ಲೈನಿರಲಿಲ್ಲ. ಲೈನು ಸತ್ತಿತ್ತು, ಇದೂ ಸತ್ತಿತ್ತು."

ಗುತ್ಯಪ್ಪ ಆ ಸೊನ್ನೆಯನ್ನೇ ನೋಡುತ್ತ ನಿಂತ. ಟೆಸ್ಟ್ ಲ್ಯಾಂಪಿಗಿಂತ ಆ ಸೊನ್ನೆ ಅವನಿಗೆ ದೊಡ್ಡ ಸಾಕ್ಷಿಯಾಗಿ ಕಂಡಿತು. ಅಷ್ಟು ಬಿಸಿಲಿದ್ದೂ ಇಡೀ ದಿನ ಒಂದು ಹನಿ ಕರೆಂಟು ಹೊರಗೆ ಬಿಟ್ಟಿರಲಿಲ್ಲ.

ಹೊರಡುವ ಹೊತ್ತಿಗೆ ಅವನು, ಹೇಳಲೋ ಬೇಡವೋ ಎಂದು, "ಅಣ್ಣಾ, ಅವತ್ತು ನಾನು ಲೈನು ಸತ್ತೈತೆ ಅಂದೆ" ಎಂದ.

ವೀರಬಸಪ್ಪ ಅವನ ಭುಜದ ಮೇಲೆ ಎಡಗೈ ಇಟ್ಟ. "ಸುಳ್ಳೇನೂ ಹೇಳಿರಲಿಲ್ಲಲ್ಲಪ. ನೀ ಹೇಳ್ದಾಗ ಅದು ಸತ್ತೇ ಇತ್ತು. ನಾ ಮ್ಯಾಲಿದ್ದಾಗ ಜೀವ ಬಂತು. ಇನ್ನೊಂದು ಮಾತು. ಜೀಪಿನಿಂದ ಸರಪಳಿ ತರ್ತೀನಿ, ಕಾಯಿ ಅಂತ ನೀ ಅಂದಿದ್ದಿ. ಬ್ಯಾಡ, ಹೊತ್ತಾಗ್ತೈತಿ ಅಂದಾವ ನಾನು. ವಿಚಾರಣೆ ಒಳಗ ಅದನ್ನ ನೀ ಬಾಯಿ ಬಿಡಲಿಲ್ಲ, ನನಗ ತೊಂದ್ರಿ ಆದೀತು ಅಂತ. ನನಗ ಗೊತ್ತೈತಿ. ಆಸ್ಪತ್ರ್ಯಾಗ ನನಗ ಮಾತಾಡೋ ತ್ರಾಣ ಇರಲಿಲ್ಲ. ನೀ ಮನಿಗೆ ಬಂದಾಗ ಹೇಳಬೇಕಂತ ಹನ್ನೊಂದು ವರ್ಷ ಕಾದೆ. ಬರಲೇ ಇಲ್ಲಲ್ಲೋ ಮಾರಾಯ ನೀನು."

ಗುತ್ಯಪ್ಪ ಬೇಕೆಂದು ಮುಚ್ಚಿಟ್ಟದ್ದಲ್ಲ, ಅವನಿಗೆ ಆ ಮಾತು ನಿಜವಾಗಿಯೂ ಮರೆತುಹೋಗಿತ್ತು. ಅಂದಿನ ದಿನದಿಂದ ಅವನ ಮನಸ್ಸು ಒಂದೇ ಒಂದು ವಾಕ್ಯವನ್ನು ಹಿಡಿದಿಟ್ಟುಕೊಂಡು ಉಳಿದದ್ದನ್ನೆಲ್ಲ ಅಳಿಸಿಹಾಕಿತ್ತು. ಈಗ ನೆನಪಾಯಿತು: ಕೆಸರು, ಹೂತ ಜೀಪು, "ತರ್ತೀನಿ ಅಣ್ಣಾ, ಹತ್ತು ನಿಮಿಷ" ಎಂದ ತನ್ನದೇ ದನಿ. ವಾಪಸು ಬರುವಾಗ ಬಸ್ಸಿನ ಕಿಟಕಿಯ ಬದಿಗೆ ಮುಖ ತಿರುಗಿಸಿಕೊಂಡು ಕೂತಿದ್ದ. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಎರಡು ಸಲ ಕರೆಯಬೇಕಾಯಿತು. ಮನೆಗೆ ಬಂದವನೇ ಯಮುನಮ್ಮ ಬಡಿಸಿದ್ದನ್ನೆಲ್ಲ ಉಂಡು, ಇನ್ನಷ್ಟು ಹಾಕಿಸಿಕೊಂಡು, ಹಾಸಿಗೆಗೆ ಬಿದ್ದವನು ಬೆಳಗಾಗುವತನಕ ಮಗ್ಗುಲು ಬದಲಿಸಲಿಲ್ಲ. ಅರ್ಜಿ ಯಶೋಧರಾಳ ಡ್ರಾಯರಿನಲ್ಲೇ ಉಳಿಯಿತು.

ಆದರೆ ಗೋಡೆಯ ಮುಂದೆ ನಿಂತು ನಂಬುವುದು ಬೇರೆ, ಕಂಬದ ಮೇಲೆ ನಂಬುವುದು ಬೇರೆ. ಆ ದಿನವೂ ಬೇಗನೇ ಬಂತು.

ಜುಲೈ ಕೊನೆಯ ವಾರ ಮೂರು ದಿನ ಗಾಳಿ ಮಳೆ ಬಿಡದೆ ಹೊಡೆದು, ಉಚ್ಚಂಗಪ್ಪನ ಊರಿನ ಹೊರಗೆ ಒಂದು ಮತ್ತಿಮರ ಬೇರುಸಮೇತ ಮಗುಚಿ ತಂತಿಗಳ ಮೇಲೆ ಒರಗಿತು. ಸುದ್ದಿ ಬಂದಾಗ ಬೆಳಗಿನ ಎಂಟು ಗಂಟೆ. ಗುತ್ಯಪ್ಪ, ಭೀಮಣ್ಣ ಹೋಗಿ ಫ್ಯೂಸು ಕಿತ್ತು, ಮರ ಕಡಿಸಿ ಪಕ್ಕಕ್ಕೆ ಎಳೆಸುವ ಹೊತ್ತಿಗೆ ಹನ್ನೊಂದಾಯಿತು. ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಉಂಬಳಗಳನ್ನು ಕಿತ್ತು ಬಿಸಾಡುವುದೇ ಇನ್ನೊಂದು ಕೆಲಸವಾಗಿತ್ತು. ಅಷ್ಟರಲ್ಲಿ ಮಳೆ ನಿಂತು, ಮೋಡ ತೆಳುವಾಗಿ, ಅದರ ಹಿಂದೆ ಸೂರ್ಯ ಬೆಳ್ಳಿ ತಟ್ಟೆಯ ಹಾಗೆ ಕಾಣಿಸಿಕೊಂಡ. ಊರವರಿಗೆಲ್ಲ ಹಾಯೆನಿಸಿತು. ಗುತ್ಯಪ್ಪ ಮಾತ್ರ ತಲೆಯೆತ್ತಿ ಮನೆಗಳ ಕಡೆ ನೋಡಿದ. ನಾಲ್ಕು ತಾರಸಿಗಳ ಮೇಲೆ ಸೋಲಾರಿನ ಹಲಗೆಗಳು ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು.

ಅದೇ ಹೊತ್ತಿಗೆ ಉಚ್ಚಂಗಪ್ಪ ಕೊಡೆ ಹಿಡಿದು ಬಂದರು. ಮುಖ ಗಂಟಿಕ್ಕಿತ್ತು.

"ಅಲ್ಲ ಗುತ್ಯಪ್ಪ, ಎಂಥ ಸೋಲಾರು ಇದು? ಬೆಳಕು ಬಿದ್ದು ಅರ್ಧ ಗಂಟೆ ಆತು, ನಮ್ಮನೇಲಿ ಒಂದು ಬಲ್ಬೂ ಹತ್ತಲ್ಲ. ಕರೆಂಟ್ ಹೋದ್ರೆ ಇದೂ ಹೋಗೋದಾದ್ರೆ ಹಾಕ್ಸಿದ್ದು ಯಾವ ಸುಖಕ್ಕೆ? ಆ ನಾಲ್ಕೂ ಮನೆದು ಇದೇ ಕಥೆ. ಕೆಂಪು ಲೈಟ್ ತೋರ್ಸ್ಕಂಡು ಕೂತಾವೆ."

ಗುತ್ಯಪ್ಪ ಅವರನ್ನೇ ದಿಟ್ಟಿಸಿದ. "ನಾಲ್ಕೂ ಮನೇಲೂ ಕೆಂಪು ಲೈಟಾ? ನೀವು ನೋಡಿದ್ರಾ?"

"ನಾನೇ ಹೋಗಿ ನೋಡ್ಕಂಡು ಬಂದೆ ಮಾರಾಯ."

ಬೈಗುಳದಂತೆ ಬಂದ ಆ ಮಾತು ಗುತ್ಯಪ್ಪನ ಕಿವಿಗೆ ತಂಪಾಗಿ ಇಳಿಯಿತು. ಸಾಮಾನ್ಯವಾಗಿ ಇಂಥ ಕಂಬ ಹತ್ತುವವನು ಕಿರಿಯನಾದ ಭೀಮಣ್ಣ. ಅವನು ಬೆಲ್ಟು ಕಟ್ಟಿಕೊಳ್ಳುತ್ತಿದ್ದ. "ಬಿಚ್ಚು, ಇಲ್ಲಿ ಕೊಡು. ಇವತ್ತು ನಾನು ಹತ್ತೀನಿ" ಎಂದ ಗುತ್ಯಪ್ಪ. ಭೀಮಣ್ಣ ಅವನ ಮುಖ ನೋಡಿ ಬೆಲ್ಟು ಬಿಚ್ಚಿ ಕೊಟ್ಟ.

ಗುತ್ಯಪ್ಪ ಯಾವುದನ್ನೂ ಬಿಡಲಿಲ್ಲ. ಕೋಲಿನ ತುದಿಯ ಟೆಸ್ಟರನ್ನು ಒಂದೊಂದು ತಂತಿಗೂ ಮುಟ್ಟಿಸಿದ. ದೀಪವಿಲ್ಲ. ಗೂಟ ಬಡಿದು, ಸರಪಳಿಯ ಕೊಕ್ಕೆಗಳನ್ನು ತಂತಿಗಳಿಗೆ ತೂಗುಹಾಕಿದ. ಕಳ್ಳ ಕರೆಂಟಿದ್ದರೆ ಕೊಕ್ಕೆ ತಾಗಿದ ಗಳಿಗೆಯಲ್ಲೇ ಕಿಡಿ ಹಾರುತ್ತದೆ. ಹಾರಲಿಲ್ಲ. ಆಮೇಲೆ ಹತ್ತಿದ. ಮೇಲೆ ಹೋಗಿ ಬೆಲ್ಟಿಗೆ ಭಾರ ಬಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು, ತಂತಿ ಹಿಡಿಯುವ ಮುನ್ನ ಒಂದು ಉಸಿರಿನಷ್ಟು ಹೊತ್ತು ತಡೆದ. ಹಿಡಿದ.

ತಂತಿ ತಣ್ಣಗಿತ್ತು. ಮಳೆನೀರಿನಷ್ಟೇ ತಣ್ಣಗೆ.

ಮುಂದಿನ ಎರಡು ಗಂಟೆ ಅವನು ಅಲ್ಲೇ ಇದ್ದ. ಹರಿದ ತಂತಿಗೆ ಜೋಡು ಹಾಕಿದ, ತಂತಿ ಕೂರುವ ಒಡೆದ ಪಿಂಗಾಣಿ ಬದಲಿಸಿದ. ನಡುವೆ ಒಮ್ಮೆ ಮೋಡ ಸರಿದು ಬಿಸಿಲೇ ಬಿತ್ತು. ಬೆನ್ನಿನ ಮೇಲೆ ಅದರ ಕಾವು ತಾಕಿದಾಗ ಅವನಿಗೆ ಹೆದರಿಕೆಯಾಗಲಿಲ್ಲ. ಒದ್ದೆ ಅಂಗಿ ಒಣಗುತ್ತದಲ್ಲ ಎನಿಸಿತು. ಕೆಳಗೆ ನಿಂತ ಭೀಮಣ್ಣನಿಗೆ, ಮೇಲಿಂದ ಗುತ್ಯಪ್ಪಣ್ಣ ಏನೋ ಗುನುಗುತ್ತಿರುವಂತೆ ಕೇಳಿಸಿತಂತೆ. ಇದ್ದರೂ ಇದ್ದೀತು.

ಇಳಿದು ಬಂದು, ಸರಪಳಿ ಬಿಚ್ಚಿ, ಫ್ಯೂಸು ಹಾಕಿ, ಊರಿಗೆ ಕರೆಂಟು ಕೊಟ್ಟಾಗ ಒಂದೂವರೆ. ಐದು ನಿಮಿಷಕ್ಕೆ ಉಚ್ಚಂಗಪ್ಪನ ಇನ್ವರ್ಟರೂ ಎದ್ದಿತು. ಅವರು ಈಗ ಸಮಾಧಾನವಾಗಿ, ಆದರೂ ಬಿಡದೆ, ಅದೇ ಪ್ರಶ್ನೆ ಕೇಳಿದರು. ಗುತ್ಯಪ್ಪ ಅವರ ಜಗಲಿಯಲ್ಲಿ ಕೂತು, ಎಂದೂ ಇಲ್ಲದಷ್ಟು ಮಾತಾಡಿದ.

"ಉಚ್ಚಂಗಪ್ಪಣ್ಣ, ಅದು ಹೋಗಿದ್ದಕ್ಕೇ ನಾನೀಗ ನಿಮ್ಮ ಮುಂದೆ ಕೂತು ಟೀ ಕುಡೀತಿರೋದು" ಎಂದು ಶುರುಮಾಡಿ, ವೀರಬಸಪ್ಪನ ಸಂಗತಿಯನ್ನು ಮೊದಲಿಂದ ಕೊನೆಯವರೆಗೆ ಹೇಳಿದ. ಕರೆಂಟು ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿ ಬೇರೆ ಇಡಬೇಕು, ಅದನ್ನು ಸರಿಯಾಗಿ ಬಲ್ಲವರ ಕೈಯಲ್ಲೇ ಹಾಕಿಸಬೇಕು, ಯಾರೋ ಪರಿಚಯದವನ ಕೈಲಿ ತಂತಿ ಎಳೆಸಬಾರದು ಎಂದ. ಉಚ್ಚಂಗಪ್ಪ ಕೊನೆಗೆ, "ಇದನ್ನ ಮೊದ್ಲೇ ಹೇಳಿದ್ರೆ ನಾನು ಬೈತಿದ್ನಾ?" ಎಂದು ಒಳಗೆ ಹೋಗಿ ಇನ್ನೊಂದು ಲೋಟ ಟೀ ತರಿಸಿದರು. ಈ ಸಲ ಗುತ್ಯಪ್ಪ ಲೋಟ ಪೂರ್ತಿ ಖಾಲಿ ಮಾಡಿದ.

ಮರುದಿನ ಯಶೋಧರಾಳ ಡ್ರಾಯರಿನಿಂದ ಅರ್ಜಿಯನ್ನು ತಾನೇ ಇಸಿದುಕೊಂಡು ಹರಿದ. ಅವಳು ಅವನ ಹೆಸರನ್ನು ಹೊಸ ಸೋಲಾರ್ ಕನೆಕ್ಷನ್ನುಗಳ ಪರೀಕ್ಷೆಗೆ ಹೋಗುವವರ ಪಟ್ಟಿಗೆ ಸೇರಿಸಿದಳು. ಈಗ ಯಾವ ಮನೆಯ ಮೇಲೆ ಹಲಗೆ ಏರಿದರೂ ಗುತ್ಯಪ್ಪ ಟೆಸ್ಟ್ ಲ್ಯಾಂಪ್ ಹಿಡಿದು ಹೋಗಿ, ಮೂರು ಸಲ ಬಂದ್ ಮಾಡಿ ಮೂರು ಸಲ ನೋಡಿಯೇ ಸಹಿ ಹಾಕುವುದು. ಮಳೆಯ ಊರಿನಲ್ಲಿ ಇದು ನಡೆಯುತ್ತದೆಯೇ ಎಂದು ಕೇಳಿದವರಿಗೆ, ಅರ್ಧ ಹೊಟ್ಟೆಯ ತಿಂಗಳುಗಳನ್ನೂ ತುಂಬಿ ಚೆಲ್ಲುವ ತಿಂಗಳುಗಳನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಅವನ ಮಾತು ಕೇಳಿ ಬೇಡವೆಂದವರೂ ಇದ್ದಾರೆ. ಹಾಕಿಸಿದವರೇ ಹೆಚ್ಚು.

ಪೈರು ಹೊತ್ತ ಗದ್ದೆಗೆ ಎಡೆ ಇಡುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ಆ ವರ್ಷ ಗುತ್ಯಪ್ಪ ಫೋನು ಮಾಡಿ ಕರೆದ. ವೀರಬಸಪ್ಪ, ರಾಜೇಶ್ವರಮ್ಮ ಇಬ್ಬರೂ ಬಂದರು. ಯಮುನಮ್ಮ ಎಡೆ ತುಂಬಿದ ಚಿತ್ತಾರದ ಬುಟ್ಟಿ ಹೊತ್ತು ಮುಂದೆ, ಉಳಿದವರು ಹಿಂದೆ, ತೆನೆ ಹೊರಡುವ ಮುನ್ನ ಹೊಡೆ ತುಂಬಿದ ಗದ್ದೆಯ ಬದುವಿನ ಮೇಲೆ ನಡೆದರು. ಪೂಜೆಯಾದ ಮೇಲೆ ಅಲ್ಲೇ ಎಲೆ ಹಾಕಿ ಕೂತರು. ಕಡುಬಿನ ದೊನ್ನೆ ಬಿಚ್ಚಲು ವೀರಬಸಪ್ಪ ಒಂದೇ ಕೈಯಲ್ಲಿ ಪರದಾಡುತ್ತಿದ್ದಾಗ, ಗುತ್ಯಪ್ಪ ಅದನ್ನು ಎಳೆದುಕೊಂಡು ಬಿಡಿಸಿ, ತುಪ್ಪ ಹಾಕಿ, ಅವನ ಎಲೆಗೆ ಇಟ್ಟ. ವೀರಬಸಪ್ಪ ಇನ್ನೊಂದು ಕೇಳಿ ಹಾಕಿಸಿಕೊಂಡ.